ಪಿಟ್ಸ್‌ಬರ್ಗಿಗೆ ಹೊರಟ ಡಾಕ್ಟರೂ ರಸ್ತೆಗಿಟ್ಟ ಕುರ್ಚಿಯೂ

ಲಂಡನ್ನಿನ ಕಿಂಗ್ಸ್‌ಬರಿಯ ನಮ್ಮ ರಸ್ತೆಯಲ್ಲಿ ಒಂದು ಬೆಳಿಗ್ಗೆ, ಚೆನ್ನಾಗಿರುವ ಊಟದ ಕುರ್ಚಿಯೊಂದನ್ನು ಹೊರಗಿಟ್ಟು, ನಾವಿಬ್ಬರು ಒಳಗೆ ಹೋಗಿ ಕಾಫಿ ಕುಡಿದು ಬಂದೆವು. ಏನಾಗಿರಬಹುದು, ಹೇಳಿ ನೋಡೋಣ. ಕುರ್ಚಿ ಹೋಗಿತ್ತು ಅಂತೀರಿ. ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ಕುರ್ಚಿಯ ಜೊತೆಗೆ ಇನ್ನೇನು ಹೋಯಿತು ಅನ್ನುವುದನ್ನು ಹೇಳಿದರೆ ನನ್ನ ಕೈಯಾರೆ ಮಾಡಿದ ಫಿಲ್ಟರ್ ಕಾಫಿ ನಿಮಗೆ.

ನಾನೂ ಡಾಕ್ಟರೂ ಜೊತೆಗಿದ್ದ ಕಡೆ ಇಂಥದ್ದು ನಡೆಯದೆ ಇರುವುದೇ ಇಲ್ಲ. ನಾನು ಮೈಸೂರಿನವನು, ಇಲ್ಲಿನ ಕೌನ್ಸಿಲ್ಲಿನ ರಸ್ತೆ ವಿಭಾಗದಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದವನು. ಎದುರು ಮನೆಯ ಡಾಕ್ಟರು ಧಾರವಾಡದವರು, ಮೂಳೆ ತಜ್ಞರು, ಅವರೂ ನಿವೃತ್ತರು. ಅವರ ಮಗಳು ಅಮೆರಿಕದ ಪಿಟ್ಸ್‌ಬರ್ಗಿನಲ್ಲಿದ್ದಾಳೆ. "ಮನೆ ಮಾರಿ ಇಲ್ಲಿಗೇ ಬಂದುಬಿಡಪ್ಪ" ಅಂತ ಅವಳ ಒತ್ತಾಯ. ಡಾಕ್ಟರು, "ಮೊದಲು ಊರು ನೋಡೂಣು" ಅಂದರು. ಜೊತೆಗೆ ನನ್ನನ್ನೂ ಎಳೆದುಕೊಂಡರು. "ರಸ್ತಾ ನೀವು ನೋಡ್ರಿ, ಮಂದೀನ ನಾ ನೋಡ್ತೀನಿ."

ನಾನು ಹೋದದ್ದು ಊರಿನಲ್ಲಿ ತಪ್ಪು ಹುಡುಕುವುದಕ್ಕೇ. ಇವರು ಹೋಗಿಬಿಟ್ಟರೆ ದಿನಾ ಬೆಳಿಗ್ಗೆ ನಾನು ಯಾರ ಜೊತೆ ವಾದ ಮಾಡಲಿ? ನನ್ನ ಹೆಂಡತಿ ಸ್ಪಷ್ಟವಾಗಿ ಹೇಳಿದ್ದಾಳೆ, ಆ ಡ್ಯೂಟಿ ಅವಳ ಕೈಲಾಗುವುದಿಲ್ಲವಂತೆ.

ಮೆಟ್ಟಿಲು ರಸ್ತೆ

ಪಿಟ್ಸ್‌ಬರ್ಗ್ ದೊಡ್ಡ ಊರೇನಲ್ಲ, ಚಿಕ್ಕದೂ ಅಲ್ಲ. ಸುತ್ತ ಗುಡ್ಡ, ನಡುವೆ ನದಿ, ಎತ್ತ ತಿರುಗಿದರೂ ಸೇತುವೆ. ಎರಡು ನದಿ ಕೂಡಿ ಮೂರನೆಯದಾಗುತ್ತದೆ. ನಮ್ಮ ಲೆಕ್ಕದಲ್ಲಿ ಅದು ಒಂದು ಸಂಗಮ, ಅವರ ಲೆಕ್ಕದಲ್ಲಿ ಮೂರು ನದಿ. ಮೊದಲು ಉಕ್ಕಿನ ಕಾರ್ಖಾನೆಗಳ ಊರು, ಈಗ ಆಸ್ಪತ್ರೆ, ಕಾಲೇಜುಗಳದು.

ಮೊದಲ ದಿನವೇ ವಾಕಿಂಗ್ ಹೊರಟೆವು. ಫೋನಿನ ನಕ್ಷೆ ಹೇಳಿದ ಕಡೆ ತಿರುಗಿದರೆ ರಸ್ತೆಯ ಹೆಸರಿನ ಫಲಕ ಇದೆ, ರಸ್ತೆ ಇಲ್ಲ. ಗುಡ್ಡದ ತುದಿಯವರೆಗೆ ಮೆಟ್ಟಿಲು. ಆ ಊರಲ್ಲಿ ಮೆಟ್ಟಿಲನ್ನೂ ರಸ್ತೆ ಅಂತಲೇ ಕರೆಯುತ್ತಾರೆ. ಇಷ್ಟು ವರ್ಷ ರಸ್ತೆ ಮಾಡಿಸಿದ ನನಗೆ ಒಳಗೊಳಗೇ ಖುಷಿ.

"ನೋಡಿದ್ರಾ ಡಾಕ್ಟ್ರೇ, ಹಾಲು ತರೋದಕ್ಕೂ ಬೆಟ್ಟ ಹತ್ತಬೇಕು. ಈ ವಯಸ್ಸಲ್ಲಿ ಮಂಡಿ ಗತಿ ಏನು?"

ಡಾಕ್ಟರು ಕೆಳಗೆ ನಿಂತು ಮೇಲಿನ ತನಕ ಕಣ್ಣು ಹಾಯಿಸಿದರು. ಮುಖದಲ್ಲಿ ಭಕ್ತಿ.

"ಏನ್ ಊರ್ರೀ ಇದು. ಮನಿಗೊಂದು ಮಂಡಿ ಕೇಸ್ ಗ್ಯಾರಂಟಿ. ನಾ ಸುಮ್ನ ಲಂಡನ್ನಾಗ ಆಯುಷ್ಯ ಕಳದೆ."

ದಾರಿಯಲ್ಲಿ ಸಿಂಹಾಸನ

ಅದೇ ಮೆಟ್ಟಿಲು ಹತ್ತಿ ಮೇಲೆ ಬಂದಾಗ ನನಗೆ ಮಾತು ನಿಂತಿತ್ತು. ಅದು ಅಪರೂಪ ಅಂತ ಡಾಕ್ಟರು ಈಗಲೂ ಹೇಳುತ್ತಾರೆ. ಎದುರಿಗೇ ಒಂದು ಮನೆಯ ಮುಂದೆ, ಡಾಂಬರು ರಸ್ತೆಯ ಮೇಲೆ, ಒಂದು ಕುರ್ಚಿ. ಹತ್ತಿ ಬಂದವರು ಸುಧಾರಿಸಿಕೊಳ್ಳಲಿ ಅಂತ ಯಾರೋ ಪುಣ್ಯಾತ್ಮರು ಇಟ್ಟಿದ್ದಾರೆ ಅಂದುಕೊಂಡು ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಕಾರೊಂದು ಬಂದು ಮುಂದೆ ನಿಂತಿತು. ಒಳಗಿದ್ದ ಹೆಂಗಸು ಹಾರ್ನ್ ಮಾಡಲಿಲ್ಲ, ಬೈಯಲಿಲ್ಲ. ಗಾಜು ಇಳಿಸಿ ನಗುತ್ತಾ, "ಬರೀ ಕುರ್ಚಿಯೇ ಸಾಕಿತ್ತು, ಇಷ್ಟೊಂದು ಕಾವಲು ಬೇಕಿರಲಿಲ್ಲ" ಅಂದಳು.

ಆಮೇಲೆ ತಿಳಿಯಿತು, ಅದು ಆ ಊರಿನ ಪದ್ಧತಿ. ಹಿಮ ಬಿದ್ದಾಗ ಕಾರು ನಿಲ್ಲಿಸಲು ತಾವು ಗೋರಿ ಖಾಲಿ ಮಾಡಿಕೊಂಡ ಜಾಗಕ್ಕೆ ಒಂದು ಹಳೇ ಕುರ್ಚಿ ಇಟ್ಟು ಹೋದರೆ ಅದು ಅವರದ್ದೇ. ಹಿಮ ಇಲ್ಲದ ಕಾಲದಲ್ಲೂ ಕೆಲವರು ಇಡುತ್ತಾರೆ. ಕಾನೂನಿನಲ್ಲಿ ಇಲ್ಲ, ಆದರೂ ಯಾರೂ ಮುಟ್ಟುವುದಿಲ್ಲ.

ಡಾಕ್ಟರು ಪೂರ್ತಿ ಕರಗಿಹೋದರು. "ಪೊಲೀಸ್ ಇಲ್ಲ, ಪರ್ಮಿಟ್ ಇಲ್ಲ, ಬರೇ ಕುರ್ಚಿ. ಇದಕ್ಕ ಅಂತಾರ್ರೀ ನಾಗರಿಕತೆ."

ಈ ಮಾತನ್ನು ಅವರು ಲಂಡನ್ನಿಗೆ ಬಂದಮೇಲೂ ಬಿಡಲಿಲ್ಲ. ಕಥೆ ಕೆಟ್ಟದ್ದು ಅಲ್ಲೇ.

ನೆಲಮಾಳಿಗೆಯ ಕಛೇರಿ

ಆ ಊರಿನ ಹಳೇ ಮನೆಗಳ ನೆಲಮಾಳಿಗೆಯಲ್ಲಿ ಒಂದು ಕಮೋಡ್ ಇರುತ್ತದೆ. ಸುತ್ತ ಗೋಡೆ ಇಲ್ಲ, ಬಾಗಿಲಿಲ್ಲ. ವಿಶಾಲವಾದ ನೆಲದ ನಡುವೆ ತಾನೊಂದೇ ಕೂತಿರುತ್ತದೆ. ಕಾರ್ಖಾನೆಯಿಂದ ಮಸಿ ಬಳಿದುಕೊಂಡು ಬಂದವರು ಮೇಲಿನ ಮನೆ ಕೊಳೆಮಾಡದೆ ಅಲ್ಲೇ ಮುಗಿಸಿಕೊಂಡು ಬರಲಿ ಅಂತ ಇಟ್ಟದ್ದಂತೆ. ಮಗಳ ಮನೆಯಲ್ಲೂ ಒಂದಿತ್ತು, ಬಟ್ಟೆ ಒಗೆಯುವ ಮೆಷಿನ್ನಿನ ಎದುರಿಗೆ.

ಒಂದು ಬೆಳಿಗ್ಗೆ ಮೇಲಿನ ಬಾತ್‌ರೂಮನ್ನು ಡಾಕ್ಟರು ಹಿಡಿದಿದ್ದರು. ನನಗೆ ತಡೆಯಲಿಲ್ಲ, ಇಳಿದೆ. ಕೂತ ಮೇಲೆ ಹೊಳೆಯಿತು, ಡಾಕ್ಟರ ಅಳಿಯ ಬಟ್ಟೆ ಬುಟ್ಟಿ ಹಿಡಿದು ಇಳಿದರೆ? ಒಳಗೆ ಜನ ಇದ್ದಾರೆ ಅಂತ ಗೊತ್ತಾಗಲು ಇದ್ದದ್ದು ಒಂದೇ ದಾರಿ, ಗಟ್ಟಿಯಾಗಿ ಒಂದು ಭಜನೆ ಶುರುಮಾಡಿದೆ. ಬಾಯಿ ಮುಚ್ಚಿದರೆ ಯಾರಾದರೂ ಬರುತ್ತಾರೆಂಬ ಭಯಕ್ಕೆ ಚರಣ ಮುಗಿದರೂ ಮತ್ತೆ ಪಲ್ಲವಿಗೆ ಬಂದೆ.

ನಿಲ್ಲಿಸಿದಾಗ ಮೇಲಿನ ಮೆಟ್ಟಿಲಿನಿಂದ ಡಾಕ್ಟರ ದನಿ ಕೇಳಿತು.

"ಭಾಳ ಚಲೋ ಹಾಡ್ತೀರಲ್ರೀ ಎಂಜಿನಿಯರ್ ಸಾಹೇಬ್ರ. ಮನಿಮಂದಿ ಎಲ್ಲಾ ಇಲ್ಲೇ ಕೂತೇವಿ. ಇನ್ನೊಂದು ಆಗ್ಲಿ."

ಇಬ್ಬರು ಮರ್ಯಾದಸ್ಥರು

ಅಲ್ಲಿ ಸಿಗ್ನಲ್ ಹಸಿರಾದ ತಕ್ಷಣ ನೇರ ಹೋಗುವವರು ತುಸು ತಡೆದು, ಎದುರಿನಿಂದ ಅಡ್ಡ ತಿರುಗುವ ಮೊದಲ ಕಾರಿಗೆ ದಾರಿ ಬಿಡುತ್ತಾರೆ. ಇದೂ ಕಾನೂನಲ್ಲ, ಮರ್ಯಾದೆ. ವಾಪಸ್ ಬಂದ ವಾರವೇ ಡಾಕ್ಟರು ಕಿಂಗ್ಸ್‌ಬರಿಯಲ್ಲಿ ಅದನ್ನು ಪ್ರಯೋಗಿಸಿದರು. ನಾನು ಪಕ್ಕದ ಸೀಟಿನಲ್ಲಿದ್ದೆ. ಸಿಗ್ನಲ್ ಹಸಿರಾಯಿತು. ಡಾಕ್ಟರು ಎದುರಿನವನಿಗೆ ಕೈಬೀಸಿ "ನೀವು ಹೋಗ್ರಿ" ಅಂದರು. ಅವನು ಹಳೇ ಕಾಲದ ಇಂಗ್ಲಿಷ್ ಮನುಷ್ಯ, ಲೈಟು ಮಿಣುಕಿಸಿ "ಇಲ್ಲ, ನೀವೇ" ಅಂದ. ಇವರು ಮತ್ತೆ ಕೈಬೀಸಿದರು. ಅವನು ಮತ್ತೆ ಮಿಣುಕಿಸಿದ. ಸಿಗ್ನಲ್ ಕೆಂಪಾಯಿತು. ಹಿಂದಿದ್ದ ಬಸ್ಸಿನ ಡ್ರೈವರ್ ಇಬ್ಬರಿಗೂ ಸೇರಿಸಿ ಹೇಳಿದ್ದನ್ನು ಇಲ್ಲಿ ಬರೆಯಲಾರೆ.

ಕುರ್ಚಿ ಮತ್ತು ಅದರ ಪರಿವಾರ

ಈಗ ಮೊದಲಿನ ಕುರ್ಚಿಗೆ ಬರೋಣ. ಮಗಳು ನಾಲ್ಕು ದಿನ ರಜೆ ಸಿಕ್ಕಿತೆಂದು ಅಪ್ಪನ ಅಂತಿಮ ತೀರ್ಮಾನ ಕೇಳಿ, ಮನೆ ಮಾರಾಟಕ್ಕೆ ಇಡಿಸಿ ಹೋಗಲು ಬರುತ್ತಿದ್ದಳು. ಹೀಥ್ರೋದಿಂದ ಬಾಡಿಗೆ ಕಾರಿನಲ್ಲಿ ಬರುವವಳಿಗೆ ಮನೆ ಮುಂದೆ ಜಾಗ ಬೇಕು.

"ಪಿಟ್ಸ್‌ಬರ್ಗ್ ಆಗಿದ್ರ ಒಂದು ಕುರ್ಚಿ ಸಾಕಿತ್ತು" ಅಂದರು ಡಾಕ್ಟರು.

ನನಗೆ ರೇಗಿತು. "ನಮ್ಮ ಕಿಂಗ್ಸ್‌ಬರಿ ಏನು ಕಡಿಮೆ? ಇಡಿ ಕುರ್ಚಿ."

"ಅಕಿ ಬರೂ ತನಕ ಅದು ಅಲ್ಲೇ ಇದ್ರ, ಹೋಗೂದನ್ನ ಇನ್ನೊಮ್ಮೆ ವಿಚಾರ ಮಾಡ್ತೀನಿ" ಅಂದರು ಡಾಕ್ಟರು. ಅವರದೇ ಊಟದ ಟೇಬಲ್ಲಿನ ಕುರ್ಚಿಯೊಂದನ್ನು ನಾನೇ ಹೊತ್ತು ರಸ್ತೆಗಿಟ್ಟೆ.

ಇಷ್ಟು ವರ್ಷ ಕೌನ್ಸಿಲ್ಲಿನಲ್ಲಿದ್ದವನಿಗೆ ಒಂದು ಮಾತು ಮರೆತೇಹೋಗಿತ್ತು. ಲಂಡನ್ನಿನಲ್ಲಿ ಮನೆ ಮುಂದೆ ಸಾಮಾನು ಇಟ್ಟರೆ, ಬೇಕಾದವರು ತೆಗೆದುಕೊಂಡು ಹೋಗಿ ಅಂತ ಅರ್ಥ.

ಕಾಫಿ ಮುಗಿಸಿ ಬಂದರೆ ಕುರ್ಚಿ ಇಲ್ಲ, ಆ ಜಾಗದಲ್ಲಿ ಯಾರದೋ ವ್ಯಾನ್. ಡಾಕ್ಟರು ಗೆದ್ದವರ ನಗೆ ನಗುವಷ್ಟರಲ್ಲಿ ಬೆಲ್ ಆಯಿತು. ಪಕ್ಕದ ಮನೆಯ ಗುಜರಾತಿ ಅಕ್ಕ.

"ಡಾಕ್ಟರ್ ಸಾಹೇಬ್, ಕುರ್ಚಿ ಹೊರಗಿಟ್ಟಿದ್ರಲ್ಲ, ಮನೆ ಖಾಲಿ ಮಾಡ್ತಿದ್ದೀರಂತೆ. ಸೋಫಾ ಯಾರಿಗೂ ಹೇಳಿಲ್ಲ ತಾನೆ?"

ಅವರ ಹಿಂದೆಯೇ ಮೂಲೆ ಮನೆಯ ತಮಿಳರು ಟೇಪು ಹಿಡಿದು ಬಂದರು. ನೇರ ಅಡುಗೆಮನೆಗೆ ಹೋಗಿ ಫ್ರಿಜ್ ಅಳೆಯತೊಡಗಿದರು. ಪೋಲೆಂಡಿನ ಗಾರೆಯವನಿಗೆ ಏಣಿ ಬೇಕಿತ್ತು. ಕೊನೆಗೆ ಆಚೆ ಬದಿಯ ಐರಿಷ್ ಅಜ್ಜಿ ಕೋಲೂರಿಕೊಂಡು ಬಂದರು. ಅವರಿಗೆ ಸಾಮಾನೇನೂ ಬೇಡವಾಗಿತ್ತು. "ನೀವು ಹೋದರೆ ನನ್ನ ಮಂಡಿಯನ್ನು ಯಾರು ನೋಡುತ್ತಾರೆ? ಜಿಪಿ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಸಿಗೋ ಹೊತ್ತಿಗೆ ನಾನೇ ಇರಲ್ಲ" ಅಂದರು.

ಡಾಕ್ಟರು ಅಜ್ಜಿಯನ್ನು ಮೆಟ್ಟಿಲ ಮೇಲೆ ಕೂರಿಸಿ ಮಂಡಿ ಮಡಿಸಿ ನೋಡತೊಡಗಿದರು. ಅತ್ತ ತಮಿಳರು ಫ್ರಿಜ್ಜಿನಿಂದ ಡಾಕ್ಟರ ಶೇಂಗಾ ಚಟ್ನಿಯ ಡಬ್ಬಿ ತೆಗೆದು, "ಇದು ಫ್ರಿಜ್ಜಿನ ಜೊತೆಗೇ ಬರುತ್ತಾ?" ಅಂತ ಕೇಳಿದರು.

ಚಟ್ನಿಗೆ ಕೈ ಬಿದ್ದದ್ದೇ ತಡ, ಡಾಕ್ಟರು ಎದ್ದು ನಿಂತರು. ನಡುಮನೆ ಅದುರುವ ಹಾಗೆ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಸಾರಿದರು.

"ಇಡ್ರೀ ಅದನ್ನ. ಯಾರಿಗೂ ಏನೂ ಕೊಡಂಗಿಲ್ಲ. ನಾ ಎಲ್ಲೂ ಹೋಗಂಗಿಲ್ಲ. ಸಾಯೂ ತನಕ ಇಲ್ಲೇ ಇರಾಂವ."

ತಮಿಳರು ಡಬ್ಬಿಯನ್ನು ಅವರ ಕೈಗಿತ್ತರು. ಬಾಗಿಲಲ್ಲಿ ಮಗಳು ನಿಂತಿದ್ದಳು. ಕಾರನ್ನು ಎಲ್ಲೋ ದೂರ ನಿಲ್ಲಿಸಿ ಸೂಟ್‌ಕೇಸ್ ಎಳೆದುಕೊಂಡು ಬಂದವಳು.

"ಅಪ್ಪಾ, ಇದನ್ನ ಫೋನ್‌ನಾಗ ಹೇಳಬಹುದಿತ್ತಲ್ಲ?"

"ಫೋನ್ ಮಾಡಿದಾಗ ನನಗೂ ಗೊತ್ತಿರ್ಲಿಲ್ಲವ್ವಾ" ಅಂದರು ಡಾಕ್ಟರು, ಚಟ್ನಿ ಡಬ್ಬಿಯನ್ನು ಎದೆಗವಚಿಕೊಂಡು.

ಕುರ್ಚಿಯ ಜೊತೆಗೆ ಡಾಕ್ಟರ ಪಿಟ್ಸ್‌ಬರ್ಗ್ ಪ್ರಯಾಣವೂ ಹೋಯಿತು. ಕುರ್ಚಿ ಇಂದಿಗೂ ಸಿಕ್ಕಿಲ್ಲ. ಅವರ ಮನೆಗೆ ಊಟಕ್ಕೆ ಕರೆದರೆ ನಾನು ನನ್ನದೊಂದು ಹೊತ್ತುಕೊಂಡೇ ಹೋಗಬೇಕು, ಅದು ನನಗೆ ಹಾಕಿದ ದಂಡ. ಸಂತೋಷವಾಗಿ ಹೊರುತ್ತೇನೆ. ಮಗಳಿಗೆ ರಜೆ ಯಾಕೆ ಸಿಕ್ಕಿತ್ತು ಅಂತ ಆಮೇಲೆ ಹೊಳೆಯಿತು. ಅಮೆರಿಕದವರು ಇಂಗ್ಲೆಂಡಿನ ಸಹವಾಸ ಸಾಕು ಅಂದ ದಿನವೇ ನಮ್ಮ ಡಾಕ್ಟರು ಅಮೆರಿಕದ ಸಹವಾಸ ಬೇಡ ಅಂದಿದ್ದರು. ಅವತ್ತು ಜುಲೈ ನಾಲ್ಕು, ಅಮೆರಿಕದ ಸ್ವಾತಂತ್ರ್ಯ ದಿನ.