ವಿಮಾನ ಇಳಿಯುವ ತನಕ ಪೊರಕೆ ಮುಟ್ಟಬಾರದು

ಭೂಗೋಳದ ಮೇಷ್ಟ್ರಿಗೆ ಲೋಕದಲ್ಲೆಲ್ಲ ಮರ್ಯಾದೆ ಉಂಟು, ಅವನ ಮನೆಯೊಂದನ್ನು ಬಿಟ್ಟು. ಹನೂರಿನ ಸ್ಕೂಲಿನಲ್ಲಿ ನಾನು ಕೋಲು ಹಿಡಿದು ನಕ್ಷೆಯ ಮುಂದೆ ನಿಂತರೆ ಪೆಸಿಫಿಕ್ ಸಾಗರವೂ ತೆಪ್ಪಗಿರುತ್ತದೆ. ಮನೆಯಲ್ಲಿ ಸಕ್ಕರೆ ಡಬ್ಬಿ ಹುಡುಕುವ ಯೋಗ್ಯತೆಯೂ ನನಗಿಲ್ಲವೆಂಬುದು ಹೆಂಡತಿ ಗೌರಮ್ಮನ ಖಚಿತ ಅಭಿಪ್ರಾಯ.

ಅವಳ ತಮ್ಮ ಶಿವಣ್ಣ ಕೊಳ್ಳೇಗಾಲದ ರೇಷ್ಮೆ ಸೀರೆ ವ್ಯಾಪಾರಿ. ಬೆಂಗಳೂರಿನಿಂದ ದಿಲ್ಲಿಗೆ ವಿಮಾನದಲ್ಲಿ ಹೋಗುವವನಾದ್ದರಿಂದ ಬೆಟ್ಟಕ್ಕೆ ಹೋಗಿ ಮಾದಪ್ಪನಿಗೆ ಕೈಮುಗಿದು, ನಮ್ಮಲ್ಲಿ ಉಂಡು, ಬೀದಿಯವರೆಲ್ಲ ನೋಡುವ ಹಾಗೆ ಸಂಜೆಯ ಬಸ್ಸು ಹತ್ತಿದ. ಹೊರಟವರು ಊರು ಸೇರುವ ತನಕ ಮನೆ ಗುಡಿಸಬಾರದಲ್ಲ? ಮೈಸೂರಿಗೆ ಹೋದವರಾದರೆ ಮಧ್ಯಾಹ್ನಕ್ಕೆ ಪೊರಕೆ ಹಿಡಿಯಬಹುದು. ದಿಲ್ಲಿಗೆ ಎಷ್ಟು ಹೊತ್ತೋ ಯಾರಿಗೆ ಗೊತ್ತು? ಅವನನ್ನು ಕಳಿಸಲು ಬಂದ ನೆಂಟರೆಲ್ಲ ಧಾರಾಳವಾಗಿ ಮಣ್ಣು ತುಳಿದು ಹೋಗಿದ್ದರು. ಮಾರನೆಯ ದಿನವೇ ಯಳಂದೂರಿನವರು ನಮ್ಮ ಮಗಳನ್ನು ನೋಡಲು ಬರುವವರಿದ್ದರು. ಹಿಂದೆ ನೋಡಿ ಹೋದ ಇಬ್ಬರಿಂದ ಸುದ್ದಿಯೇ ಇಲ್ಲ. ಇದೂ ತಪ್ಪೀತೆಂದು ನನಗೆ ನಿಜವಾಗಿ ಭಯವಿತ್ತು.

ಸ್ಕೂಲಿನ ನಕ್ಷೆ ತಂದು ಹಾಸಿದೆ. ಬೆಂಗಳೂರಿನ ಚುಕ್ಕೆಯಿಂದ ದಿಲ್ಲಿಯ ಚುಕ್ಕೆಗೆ ಹೊಲಿಗೆ ದಾರ ಎಳೆದು, ಮೈಲಿ ಮಾಡಿ, ವಿಮಾನದ ವೇಗದಿಂದ ಭಾಗಿಸಿದೆ. ನಡುವೆ ನಾಗಪುರದಲ್ಲಿ ಇಳಿದು ಕಾಫಿ ಕುಡಿಯುವುದಕ್ಕೂ ಉದಾರವಾಗಿ ಸಮಯ ಕೊಟ್ಟೆ.

"ನಾಳೆ ಬೆಳಿಗ್ಗೆ ಹಾರಿದವನು ಹನ್ನೊಂದಕ್ಕೆ ದಿಲ್ಲೀಲಿರ್ತಾನೆ. ಆಮೇಲೆ ಗುಡ್ಸು," ಎಂದೆ.

"ನಿಮ್ ದಾರ ನಂಬ್ಕಂಡು ಗುಡುಸ್ಬುಟ್ಟು, ನನ್ ತಮ್ಮುಂಗೇನಾರ ಆದ್ರೆ?"

"ಇದು ವಿಜ್ಞಾನ ಕಣೇ."

ಮಾರನೆಯ ದಿನ ಹನ್ನೊಂದಾಗುವ ತನಕ ಕಾದು, ಮಾದಪ್ಪನಿಗೆ ಇನ್ನೊಮ್ಮೆ ಕೈಮುಗಿದು, ಗುಡಿಸಿ ಸಾರಿಸಿದಳು. ನಾನು ಮೀಸೆ ತಿರುವಿದೆ.

ಮಧ್ಯಾಹ್ನದ ಬಸ್ಸಿನಿಂದ ಗಂಡು, ಅವನ ತಂದೆ, ತಾಯಿ ಇಳಿದರು. ಅವರ ಹಿಂದೆ ಸೀರೆಯ ಗಂಟು ಹೊತ್ತುಕೊಂಡು, ದಿಲ್ಲಿಯಲ್ಲಿರಬೇಕಾದ ಶಿವಣ್ಣನೂ ಇಳಿದ.

"ಮಳವಳ್ಳಿ ಅತ್ರ ಬಸ್ಸು ಕೆಟ್ಟೋಯ್ತು ಭಾವ. ರಾತ್ರಿಯೆಲ್ಲ ಅಲ್ಲೇ ಬಿದ್ದಿದ್ದೆ. ಇಮಾನ ಓಯ್ತು. ಎಂಗೂ ಸೋದರಮಾವ ಅಲ್ವಾ, ಎಣ್ಣು ನೋಡೋ ಶಾಸ್ತ್ರಕ್ಕಾರ ಇರ್ಮ ಅಂತ ಕೊಳ್ಳೇಗಾಲ್ದಲ್ಲಿ ಇವ್ರ ಜೊತೆ ಬಸ್ಸು ಅತ್ಕಂಡೆ," ಎಂದವನು ಒಳಗೆ ಬಂದು ನೆಲ ನೋಡಿದ. "ಅಕ್ಕ, ಗುಡ್ಸು ಅಂದೋರ್ಯಾರು?"

ಬಸ್ಸು ಕೆಟ್ಟದ್ದು ನಿನ್ನೆ, ಗುಡಿಸಿದ್ದು ಇವತ್ತು ಎಂಬ ವಾದ ನನ್ನ ನಾಲಗೆಯ ತುದಿಯಲ್ಲಿತ್ತು. ಗೌರಮ್ಮ ನನ್ನನ್ನೊಮ್ಮೆ ನೋಡಿದಳು. ವಾದ ಹಿಂದಕ್ಕೆ ಹೋಯಿತು. ನಕ್ಷೆ, ದಾರ, ನಾಗಪುರದ ಕಾಫಿ, ಒಂದನ್ನೂ ಬಿಡದೆ ಅವಳು ಬಂದವರ ಮುಂದೆ ಹೇಳಿದಳು. ಈ ಸಂಬಂಧವೂ ಹೋಯಿತೆಂದು ನಾನು ತಲೆ ತಗ್ಗಿಸಿದೆ.

ಗಂಡಿನ ತಂದೆ ಉಪ್ಪಿಟ್ಟು ಮುಗಿಸಿ ಕೈತೊಳೆದರು. "ಎಣ್ಣು ನಮ್ಗೆ ಒಪ್ಗೆ ಕಣ್ರಿ ಮೇಷ್ಟ್ರೇ. ಮದ್ವೆ ಯಳಂದೂರಲ್ಲೇ ಮಾಡ್ಮ. ನೀವು ಮಾತ್ರ ಲೆಕ್ಕ ಆಕ್ಕಂಡು ಒರಡ್ಬ್ಯಾಡಿ, ಒಂದಿನ ಮುಂಚೇನೆ ಬಂದ್ಬುಡಿ."

ಮದುವೆಗೆ ನಾನು ಎರಡು ದಿನ ಮೊದಲೇ ಹೋದೆ. ಚಪ್ಪರ ಇನ್ನೂ ಎದ್ದಿರಲಿಲ್ಲ. ಹೆಣ್ಣಿನ ತಂದೆ ಸುಮ್ಮನೆ ನಿಂತಿದ್ದಾರೆಂದು ಚಪ್ಪರದವರು ಕಂಬ ಹಿಡಿದುಕೊಳ್ಳಲು ನನ್ನನ್ನೇ ಕರೆದರು.