ರಕ್ಷಣೆ ಹೊಂದಿದ ಬಗೆ

ಜಂಟಿ ಸ್ಮಶಾನ ಸಮಿತಿಯ ನಿಯಮ ಹನ್ನೊಂದರ ಪ್ರಕಾರ, ತಾನು ಪಾಪದಿಂದ ಯಾವ ಬಗೆಯಲ್ಲಿ ರಕ್ಷಣೆ ಹೊಂದಿದೆನೆಂದು ತಿಳಿಸದ ಯಾರನ್ನೂ ಹೂಳತಕ್ಕದ್ದಲ್ಲ. ನಿಯಮ ನ್ಯಾಯವಾದದ್ದೇ. ಸ್ಮಶಾನದ ನಡುವೆ ಒಂದು ಗೋಡೆಯಿದೆ. ನಂಬಿಕೆ, ಸತ್ಕಾರ್ಯ ಎರಡರಿಂದಲೂ ರಕ್ಷಣೆ ಹೊಂದಿದ ಕಥೋಲಿಕರು ಅದರ ಎಡಕ್ಕೆ. ನಂಬಿಕೆಯೊಂದರಿಂದಲೇ ಹೊಂದಿದ ಪ್ರೊಟೆಸ್ಟೆಂಟರು ಬಲಕ್ಕೆ. ಕಡೆಯ ದಿನ ದೇವರು ಸತ್ತವರನ್ನೆಲ್ಲ ಎಬ್ಬಿಸುವಾಗ ಗೊಂದಲವಾಗಬಾರದಲ್ಲ.

ಗಡಿಯಾರ ರಿಪೇರಿಯವನ ಹೆಂಡತಿ ಮಂಗಳವಾರ ಬೆಳಿಗ್ಗೆ ಆರೂ ಹತ್ತಕ್ಕೆ ತೀರಿಕೊಂಡಳು. ಅವಳು ಬಟ್ಟೆ ಹೊಲಿಯುವವಳು. ಭಾನುವಾರ ಏಳಕ್ಕೆ ತಾನು ಹುಟ್ಟಿ ಬೆಳೆದ ಕಥೋಲಿಕ ಚರ್ಚಿನ ಪೂಜೆಗೆ, ಹತ್ತಕ್ಕೆ ಗಂಡನ ಜೊತೆ ಪ್ರೊಟೆಸ್ಟೆಂಟ್ ಆರಾಧನೆಗೆ ಹೋಗುತ್ತಿದ್ದಳು. ಮೂವತ್ತೆಂಟು ವರ್ಷ ಹೀಗೇ ನಡೆಯಿತು. ಗಂಡನಿಗೆ ಬೇಕಾಗಿದ್ದದ್ದು ಒಂದೇ: ಅವಳಿಗೊಂದು ಜಾಗ, ತನ್ನ ಸರದಿ ಬಂದಾಗ ಅದರ ಪಕ್ಕದ ಜಾಗ.

ಸಮಿತಿಯ ಕಚೇರಿಯಲ್ಲಿ ಮೇಜು ಒಂದು, ಗುಮಾಸ್ತರು ಇಬ್ಬರು.

"ನಿಮ್ಮನೆಯವರು ರಕ್ಷಣೆ ಹೊಂದಿದ್ದು ಹೇಗೆ?" ಕಥೋಲಿಕ ಗುಮಾಸ್ತ ಕೇಳಿದ.

"ನನಗೇನೂ ಹೇಳಲಿಲ್ಲ ಸಾರ್. ಹಿಂದಿನ ದಿನ ಚೆನ್ನಾಗೇ ಇದ್ದಳು."

"ಸತ್ಕಾರ್ಯಕ್ಕೆ ದಾಖಲೆ?"

ಗಡಿಯಾರದವನು ಮನೆಗೆ ಹೋಗಿ ಅವಳ ಅಳತೆ ಪುಸ್ತಕ ತಂದ. ಆಸ್ಪತ್ರೆಯ ಪರದೆಗಳು, ಅನಾಥಾಲಯದ ಮಕ್ಕಳ ಅಂಗಿಗಳು, ಫಾದರ್ ಅವರ ನಿಲುವಂಗಿ, ಹೊಟ್ಟೆ ಬಂದಾಗಲೆಲ್ಲ ಬಿಚ್ಚಿ ಅಗಲ ಮಾಡಿದ ಪಾಸ್ಟರ್ ಅವರ ನಿಲುವಂಗಿ, ಎಲ್ಲವೂ ಇದ್ದವು. ಎಲ್ಲದರ ಮುಂದೆಯೂ 'ಕೂಲಿ ಬೇಡ' ಎಂದು ಬರೆದಿತ್ತು.

ಪ್ರೊಟೆಸ್ಟೆಂಟ್ ಗುಮಾಸ್ತ ಪುಟ ತಿರುವಿ ನಿಟ್ಟುಸಿರು ಬಿಟ್ಟ. "ಇಷ್ಟೊಂದು ಒಳ್ಳೆ ಕೆಲಸ ಮಾಡೋಕೆ ಯಾಕ್ರೀ ಬಿಟ್ರಿ? 'ನಂಬಿಕೆಯೊಂದರಿಂದಲೇ' ಅಂತ ನಾನೀಗ ಹೇಗೆ ಬರೀಲಿ?"

"ನಂಬಿಕೆನೂ ಇತ್ತು ಸಾರ್. ನಾನು ರಿಪೇರಿ ಮಾಡಿದ ಗಡಿಯಾರ ನೋಡ್ಕೊಂಡೇ ಮೂವತ್ತೆಂಟು ವರ್ಷ ಎದ್ದಳು."

"ಅದು ಗಂಡನ ಮೇಲಿನ ನಂಬಿಕೆ. ಅದಕ್ಕಿಲ್ಲಿ ಕಲಂ ಇಲ್ಲ."

"ಬಾಕಿ ಅಂತ ಬರೆದು ನಮ್ಮ ಕಡೆ ಇಡೋಣ," ಎಂದ ಕಥೋಲಿಕ ಗುಮಾಸ್ತ. "ನಮ್ಮಲ್ಲಿ ಸ್ವರ್ಗಕ್ಕೆ ಮುಂಚೆ ಶುದ್ಧೀಕರಣ ಸ್ಥಳ ಇದೆ. ಎಷ್ಟು ಕಾಲ ಬೇಕಾದ್ರೂ ಕಾಯಬಹುದು."

"ಸತ್ತ ಮೇಲೆ ಬಾಕಿ ಅನ್ನೋದೇ ಇಲ್ಲ. ಆ ಕ್ಷಣಕ್ಕೇ ತೀರ್ಮಾನ," ಎಂದ ಇನ್ನೊಬ್ಬ, ಎದೆಮಟ್ಟ ಬೆಳೆದ ಬಾಕಿ ಕಡತಗಳ ಮೇಲೆ ಮೊಣಕೈ ಊರಿಕೊಂಡು.

ಕಥೋಲಿಕ ಗುಮಾಸ್ತ ಮೇಲಿನವರಿಗೆ ಫೋನ್ ಮಾಡಿದ. ಮೇಲಿನವರು ತಮ್ಮ ಮೇಲಿನವರಿಗೆ ಮಾಡಿದರು. ಪ್ರೊಟೆಸ್ಟೆಂಟ್ ಗುಮಾಸ್ತನಿಗೆ ಮೇಲಿನವರೇ ಇರಲಿಲ್ಲ.

"ನಮಗೆ ಧರ್ಮಗ್ರಂಥವೊಂದೇ ಅಧಿಕಾರ. ಯಾರು ಬೇಕಾದ್ರೂ ಓದಿ ಅರ್ಥ ಮಾಡ್ಕೋಬಹುದು."

"ಕೊಡಿ ಸಾರ್, ಓದ್ತೀನಿ."

"ಬೀರುವಿನಲ್ಲಿದೆ. ಬೀಗದ ಕೈ ಇವರ ಹತ್ರ. ಮೇಲಿನವರನ್ನ ಕೇಳದೆ ಇವರು ಕೊಡಲ್ಲ."

ಬುಧವಾರ ಮಧ್ಯಾಹ್ನ ಸತ್ತವಳ ತಂಗಿ ಕಚೇರಿಗೇ ಬಂದಳು. "ಭಾವ, ಅಕ್ಕನ ಸುತ್ತ ಇಟ್ಟ ಐಸು ಕರಗ್ತಾ ಇದೆ. ದೇವರೂ ಕೇಳದ ಪ್ರಶ್ನೆನೆಲ್ಲ ಇವರು ಇನ್ನೂ ಎಷ್ಟು ಹೊತ್ತು ಕೇಳ್ತಾರೆ?"

"ದೇವರು ಕೇಳೋದು ಆಮೇಲೆ ತಾಯಿ," ಎಂದರು ಗುಮಾಸ್ತರಿಬ್ಬರೂ. ಅವರು ಒಂದೇ ಮಾತು ಆಡಿದ್ದು ಅದೇ ಮೊದಲು.

ಮೂರು ಗಂಟೆಗೆ ಜಂಟಿ ಆದೇಶ ಹೊರಟಿತು: "ಮೃತರನ್ನು ಗೋಡೆಯ ಸಾಲಿನಲ್ಲೇ ಹೂಳತಕ್ಕದ್ದು. ಅಲ್ಲಿ ಏಳಡಿ ಗೋಡೆ ಕೆಡವಿ, ಚಕ್ರವುಳ್ಳ ಮರದ ಗೋಡೆ ಇಡತಕ್ಕದ್ದು. ಜನವರಿಯಿಂದ ಜೂನ್‌ವರೆಗೆ ಅದು ಗೋರಿಯ ಬಲಕ್ಕೆ ನಿಂತು ಮೃತರು ಕಥೋಲಿಕರಾಗಿಯೂ, ಜುಲೈಯಿಂದ ಡಿಸೆಂಬರ್‌ವರೆಗೆ ಎಡಕ್ಕೆ ನಿಂತು ಪ್ರೊಟೆಸ್ಟೆಂಟರಾಗಿಯೂ ಇರತಕ್ಕದ್ದು."

ಐದು ಗಂಟೆಗೆ ಹೂಳಿದರು. ಫಾದರ್ ಎಡಕ್ಕೆ, ಪಾಸ್ಟರ್ ಬಲಕ್ಕೆ ನಿಂತು ಪ್ರಾರ್ಥಿಸಿದರು. ಇಬ್ಬರೂ ತೊಟ್ಟಿದ್ದು ಅವಳು ಹೊಲಿದದ್ದನ್ನೇ.

ಮರುದಿನ ಗಡಿಯಾರದವನು ತನ್ನ ಜಾಗದ ಅರ್ಜಿ ಕೊಟ್ಟ.

"ನೀವು ಬಲಕ್ಕೆ," ಎಂದ ಪ್ರೊಟೆಸ್ಟೆಂಟ್ ಗುಮಾಸ್ತ. "ವರ್ಷದಲ್ಲಿ ಆರು ತಿಂಗಳು ಜೊತೆಗಿರ್ತೀರಿ."

"ಮಿಕ್ಕ ಆರು ತಿಂಗಳು?"

"ಮರದ ಗೋಡೆ ತಾನೇ? ಮಾತು ಕೇಳಿಸುತ್ತೆ."

"ಒಪ್ಕೊಳ್ಳಿ ಭಾವ," ಎಂದಳು ನಾದಿನಿ. "ಅಕ್ಕ ಬದುಕಿದ್ದಾಗಲೂ ವರ್ಷಕ್ಕೆ ಅಷ್ಟು ದಿನ ಮಾತು ಬಿಡ್ತಿದ್ದಳು."

"ಗೋಡೆ ತಳ್ಳೋ ದಿನ ಮಾತ್ರ ಸಾಯಬಾರದು," ಎಂದ ಕಥೋಲಿಕ ಗುಮಾಸ್ತ. "ನಮಗೆ ಆಳು ಸಾಲಲ್ಲ."

"ಆಗಲಿ ಸಾರ್. ಆ ದಿನ ಬಿಟ್ಟು ಸಾಯ್ತೀನಿ."

ಈ ವರ್ಷ ಜುಲೈ ಒಂದರಂದು ಗೋಡೆಯನ್ನು ಅವನೇ ಎಡಕ್ಕೆ ತಳ್ಳಿದ. ಚಕ್ರಕ್ಕೆ ಎಣ್ಣೆಯನ್ನೂ ಅವನೇ ಹಾಕಿದ್ದ. ಓರೆಯಾಗದಂತೆ ಗುಮಾಸ್ತರಿಬ್ಬರೂ ಎರಡು ಬದಿಯಿಂದ ನೋಡಿಕೊಂಡರು. ಆಮೇಲೆ ಅವನು ತನ್ನ ಖಾಲಿ ಜಾಗದಲ್ಲಿ, ಅವಳ ಕಡೆ ಮುಖ ಮಾಡಿ, ಬಹಳ ಹೊತ್ತು ಕುಳಿತಿದ್ದ. ಡಿಸೆಂಬರ್ ಮೂವತ್ತೊಂದರವರೆಗೆ ದಂಪತಿಗಳ ನಡುವೆ ಯಾವ ಭಿನ್ನಾಭಿಪ್ರಾಯವೂ ಇರುವುದಿಲ್ಲ ಎಂದು ಸಮಿತಿ ದಾಖಲಿಸಿದೆ.