ಮೊಂಡಾಗದ ಮಚ್ಚು

ಕೆಲವರಿಗೆ ಎಲೆಅಡಿಕೆಯ ಚಟ, ಕೆಲವರಿಗೆ ಪಕ್ಕದ ಮನೆಯ ಜಗಳಕ್ಕೆ ತೀರ್ಪು ಕೊಡುವ ಚಟ. ನನಗಿರುವುದು ಇದ್ದದ್ದನ್ನು ಇನ್ನಷ್ಟು ಚೆನ್ನಾಗಿ ಮಾಡುವ ಚಟ. ಇದು ಚಟವೆಂದು ಬಹಳ ದಿನ ಗೊತ್ತಾಗಿರಲಿಲ್ಲ, ಒಳ್ಳೆಯ ಗುಣವೆಂದೇ ತಿಳಿದಿದ್ದೆ. ಹೋದ ವರ್ಷ ನಮ್ಮ ಹಿತ್ತಿಲ ಬಾಗಿಲಿನ ಚಿಲಕ ಸಡಿಲವಾಗಿದೆಯೆಂದು ಸರಿಮಾಡಿದೆ. ಅದು ಎಷ್ಟು ಸರಿಯಾಯಿತೆಂದರೆ ಅಮ್ಮ ಎರಡು ದಿನ ಹಸುಗಳ ಜೊತೆ ಕೊಟ್ಟಿಗೆಯ ಕಡೆಯಿಂದ ಓಡಾಡಿದರು. ಮೂರನೆಯ ದಿನ ಅಪ್ಪ ಸುತ್ತಿಗೆ ತಂದು ನನ್ನ ಚಿಲಕವನ್ನು ಒಡೆದು ಹಳೆಯದನ್ನೇ ಹಾಕಿದರು. ಅದೆಲ್ಲ ನನ್ನ ಡೈರಿಯಲ್ಲಿದೆ. ನನ್ನ ಎರಡನೆಯ ಚಟವೇ ಡೈರಿ. ಏನು ಮಾಡಿದೆ, ಯಾವತ್ತು ಮಾಡಿದೆ, ಎಷ್ಟು ಮಾಡಿದೆ ಎಂದು ಬರೆದಿಡುವುದು. ಎರಡು ಚಟ ಒಟ್ಟಿಗೆ ಇದ್ದರೆ ಆಗುವ ಕಷ್ಟವೇನೆಂದರೆ, ಮನುಷ್ಯ ತಪ್ಪು ಮಾಡುವುದಲ್ಲದೆ ಅದಕ್ಕೆ ತಾರೀಖಿನ ಸಮೇತ ಸಾಕ್ಷಿಯನ್ನೂ ತಾನೇ ಒದಗಿಸುತ್ತಾನೆ.

ಕಿಬ್ಬನಹಳ್ಳಿಯ ಹೆದ್ದಾರಿ ಪಕ್ಕದಲ್ಲಿ ನಮ್ಮದೊಂದು ಕುಲುಮೆ ಇದೆ. ನಮ್ಮಪ್ಪ ಸಿದ್ದಣ್ಣ ಅಲ್ಲಿ ಹಳೆಯ ಲಾರಿಗಳ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಬಡಿದು, ಕೊಬ್ಬರಿ ಒಡೆಯುವ ಗಿಡ್ಡ ಮಚ್ಚು ಮಾಡುತ್ತಾರೆ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೂರು ವರ್ಷದಿಂದ ಅಲ್ಲೇ ಇದ್ದೇನೆ. ರಸ್ತೆಯ ಆಚೆ ನಂಜುಂಡಣ್ಣನವರ ಕುಲುಮೆ. ಅವರು ಮಾಡುವುದೂ ಅದೇ ಗಿಡ್ಡ ಮಚ್ಚು. ಹೀಗಿದ್ದ ಮೇಲೆ ಅಪ್ಪನಿಗೂ ಅವರಿಗೂ ಮುಖ ಕಂಡರೆ ಆಗಬಾರದು. ಆದರೆ ದಿನಾ ಸಂಜೆ ನಾಲ್ಕೂವರೆಗೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಟೀ ಕುಡಿಯುತ್ತಾರೆ. ಮೂವತ್ತು ವರ್ಷದಿಂದ ಇಬ್ಬರ ಮಚ್ಚೂ ಒಂದೇ ತರಹ ಇತ್ತು, ಒಂದೇ ತರಹ ಮಾರಾಟವಾಗುತ್ತಿತ್ತು, ಯಾರಿಗೂ ತೊಂದರೆ ಇರಲಿಲ್ಲ. ಆಮೇಲೆ ನಾನು ಓದು ಮುಗಿಸಿ ಬಂದೆ.

ಫೆಬ್ರವರಿ ಹನ್ನೊಂದು, ಬುಧವಾರ, ಮಚ್ಚಿನ ಮರದ ಹಿಡಿಯ ಬದಲು ರಬ್ಬರ್ ಹಿಡಿ ಹಾಕಿದೆ. ಕೈ ಬೆವರಿದರೂ ಜಾರುವುದಿಲ್ಲ. ಹನ್ನೊಂದು ದಿನಕ್ಕೆ ನಂಜುಂಡಣ್ಣ ಬೆರಳು ಕೂರುವಂತೆ ತಗ್ಗುಗಳಿರುವ ರಬ್ಬರ್ ಹಿಡಿ ತಂದರು. ಮಾರ್ಚ್ ಐದಕ್ಕೆ ನಾನು ಭಾರ ಕಡಿಮೆಯಾಗಲೆಂದು ಮಚ್ಚಿನ ಅಲಗಿಗೆ ಮೂರು ತೂತು ಕೊರೆದೆ. ಏಳು ದಿನಕ್ಕೆ ಅವರು ಐದು ಕೊರೆದರು. ಏಪ್ರಿಲ್ ಎರಡಕ್ಕೆ ನಾನು ತುದಿಗೊಂದು ಕೊಕ್ಕೆ ಇಟ್ಟೆ, ರಾಶಿಯಿಂದ ಕಾಯಿ ಎಳೆದುಕೊಳ್ಳಲು. ಮೂರೇ ದಿನಕ್ಕೆ ಅವರದ್ದರಲ್ಲಿ ಕೊಕ್ಕೆಯ ಜೊತೆಗೆ ಸೋಡಾ ಬಾಟಲಿ ತೆಗೆಯುವ ಕಚ್ಚೂ ಇತ್ತು. ಏಪ್ರಿಲ್ ಇಪ್ಪತ್ತರ ಸೋಮವಾರ ನಾನು ಬಣ್ಣದ ಒರೆ ಇರುವ ಮಚ್ಚನ್ನು ಹೊರಗಿಡಬೇಕೆಂದಿದ್ದರೆ, ಹದಿನೆಂಟರ ಶನಿವಾರವೇ ಅದು ಅವರ ಅಂಗಡಿಯಲ್ಲಿ ನೇತಾಡುತ್ತಿತ್ತು. ನಕಲಿಗೆ ಎಷ್ಟು ದಿನ ಹಿಡಿಯಿತೆಂದು ಬರೆಯುವ ಡೈರಿಯ ಕಾಲಮಿನಲ್ಲಿ ಮೈನಸ್ ಎರಡು ಎಂದು ಬರೆದು ಬಹಳ ಹೊತ್ತು ನೋಡುತ್ತಾ ಕೂತೆ. ನಾನು ಯೋಚಿಸಿದ್ದನ್ನು ನನಗಿಂತ ಮೊದಲೇ ನಕಲು ಮಾಡುವುದು ಹೇಗೆ ಸಾಧ್ಯ?

"ಅಪ್ಪಾ, ಒರೆ ವಿಷಯ ಯಾರಿಗಾದರೂ ಹೇಳಿದ್ರಾ?" ಎಂದೆ.

"ಯಾರಿಗೂ ಇಲ್ಲ ಕಣಮ್ಮ. ನಂಜುಂಡಂಗೆ ಅಷ್ಟೇ."

"ಅವರಿಗೇ ಅಲ್ವಾ ಹೇಳಬಾರದಾಗಿದ್ದು?"

"ಅವನು ಕೇಳ್ದ. ಕೇಳಿದ್ಮೇಲೆ ಸುಳ್ಳು ಹೇಳಕಾಯ್ತದಾ? ನನ್ ಮಗಳು ತಲೆ ಓಡಿಸ್ತಾಳೆ ಅಂತ ಹೇಳ್ಕಳಕೆ ನಂಗೂ ಆಸೆ ಇರಲ್ವಾ?"

ನನ್ನ ಕಷ್ಟ ಮನೆಯಲ್ಲಿ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಅಮ್ಮನಂತೂ ನಮ್ಮ ಕುಲುಮೆಯ ಒಂದು ಚಾಕುವನ್ನೂ ಅಡುಗೆಮನೆಗೆ ಬಿಟ್ಟುಕೊಂಡವರಲ್ಲ, ಮದುವೆಯಲ್ಲಿ ತವರಿನಿಂದ ತಂದ ಈಳಿಗೆಮಣೆಯಲ್ಲೇ ಕೂತು ಹೆಚ್ಚುತ್ತಾರೆ. ಮಾರ್ಚ್ ಇಪ್ಪತ್ತೆರಡರ ಭಾನುವಾರ ತುರುವೇಕೆರೆ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗನ ಅತ್ತೆ, "ಹುಡುಗಿ ಏನ್ ಮಾಡ್ಕೊಂಡವಳೆ?" ಎಂದು ಕೇಳಿದರು. "ಮನೇಲೇ ಅವಳೆ" ಎಂದು ಅಮ್ಮ ಹೇಳಿ ಮುಗಿಸುವುದರೊಳಗೆ ನಾನು "ಮಚ್ಚು ಮಾಡ್ತೀನಿ" ಎಂದೆ. ಮಾತು ಅಲ್ಲಿಗೇ ನಿಲ್ಲಿಸಬಹುದಿತ್ತು. ಮೂರು ತೂತಿನ ಮಚ್ಚನ್ನು ಒಳಗಿನಿಂದ ತಂದು ಹುಡುಗನ ಕೈಗೇ ಕೊಟ್ಟೆ. ಅವನು ಅದನ್ನು ಹೂವಿನ ತಟ್ಟೆಯ ಪಕ್ಕ ಮೆಲ್ಲಗೆ ಇಟ್ಟು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ. ಉಪ್ಪಿಟ್ಟು ಎಂಟು ತಟ್ಟೆ ಖರ್ಚಾಯಿತು. ಉತ್ತರ ಇನ್ನೂ ಬಂದಿಲ್ಲ.

ಅದೂ ಹೋಗಲಿ. ಇಷ್ಟೆಲ್ಲ ಸುಧಾರಣೆಗಳ ಫಲವಾಗಿ ನಮ್ಮದೂ ನಂಜುಂಡಣ್ಣನದೂ ಎರಡೂ ಅಂಗಡಿಯ ವ್ಯಾಪಾರ ಇಳಿಯತೊಡಗಿತ್ತು. ಜನ ಬರುತ್ತಿದ್ದರು, ಕೊಕ್ಕೆ ನೋಡುತ್ತಿದ್ದರು, ತೂತಿನಲ್ಲಿ ಬೆರಳು ಹಾಕಿ ನಗುತ್ತಿದ್ದರು, "ಮುಂದಿನ ವಾರ ಇನ್ನೇನೋ ಬತ್ತದಂತೆ, ಆವಾಗ್ಲೇ ತಕಳನ ಬುಡು" ಎಂದು ಹೋಗುತ್ತಿದ್ದರು. ಮೇ ತಿಂಗಳ ಮೊದಲ ದಿನ ಅಪ್ಪ ಕುಲುಮೆಯ ಮುಂದೆ ಕೂತು ನನ್ನ ಮುಖ ನೋಡದೆ, "ಈ ಸಲ ರಂಗಕ್ಕನ ತಂಡ ನಂಜುಂಡನ ಕಡೆ ಹೋದ್ರೆ ನಾವು ಕುಲುಮೆ ಆರಿಸ್ಬುಡೋಣ" ಎಂದರು. ಅವರು ಹಾಗೆ ಮಾತಾಡುವವರಲ್ಲ.

ರಂಗಕ್ಕ ದಂಡಿನಶಿವರದಲ್ಲಿ ಕೊಬ್ಬರಿ ಒಡೆಯುವ ಹದಿನಾಲ್ಕು ಹೆಂಗಸರ ತಂಡದ ಹಿರಿಯಳು. ನಮ್ಮ ಕಡೆ ಕಾಯನ್ನು ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿಡುತ್ತಾರೆ. ನೀರು ಇಂಗಿ, ಒಳಗಿನ ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಲಗಲ ಎನ್ನುವ ಉಂಡೆಯಾಗುತ್ತದೆ. ಆಗ ಸಿಪ್ಪೆ ಸುಲಿದು, ಚಿಪ್ಪನ್ನು ಮಚ್ಚಿನಿಂದ ಒಡೆದು, ಉಂಡೆ ಕೊಬ್ಬರಿಯನ್ನು ಇಡಿಯಾಗಿ ಹೊರತೆಗೆಯಬೇಕು. ಗೆರೆ ಬಿದ್ದರೆ ಅದು ಉಂಡೆಯಲ್ಲ, ಚೂರಿನ ಲೆಕ್ಕ. ಮಳೆ ಹಿಡಿಯುವ ಮುಂಚೆ ರಂಗಕ್ಕ ತಂಡಕ್ಕೆಲ್ಲ ಹೊಸ ಮಚ್ಚು ಕೊಳ್ಳುತ್ತಾಳೆ, ತಲೆಗೆ ಎರಡು. ಅವಳು ಯಾರದ್ದು ಕೊಳ್ಳುತ್ತಾಳೋ ದಬ್ಬೇಘಟ್ಟದವರೂ ಸುತ್ತಲಿನವರೂ ಅದನ್ನೇ ಕೊಳ್ಳುತ್ತಾರೆ.

ಹಿಡಿ, ತೂತು, ಕೊಕ್ಕೆಗಳೆಲ್ಲ ಮಕ್ಕಳಾಟ, ಮಚ್ಚಿನ ಪ್ರಾಣ ಇರುವುದು ಬಾಯಲ್ಲಿ ಎಂದು ನಾನು ಯೋಚಿಸಿದೆ. ಹಿಂದಿನ ಪುಟಗಳನ್ನು ತಿರುವಿದರೆ, ಮೂರು ವರ್ಷದಲ್ಲಿ ರಂಗಕ್ಕ ಹೇಳಿದ ಒಂದೇ ದೂರು ಸಿಕ್ಕಿತು: "ಹೊಸದ್ರಲ್ಲಿ ಬಾಯಿ ಸರಿ ಇರಲ್ಲ ಕಣವ್ವ." ಅದಕ್ಕೆ ಕೆಂಪು ಗೆರೆ ಎಳೆದಿದ್ದೆ. ಹರಿತ ಸಾಲದು ಎಂದಲ್ಲದೆ ಇದಕ್ಕೆ ಬೇರೆ ಅರ್ಥ ಇರಬಹುದೆಂದು ನನಗೆ ತೋಚಲೇ ಇಲ್ಲ. ತುಮಕೂರಿನಿಂದ ಬೇರೆ ಉಕ್ಕು ತರಿಸಿದೆ. "ಇದ್ರಾಗೇನು ವಿಶೇಷ?" ಎಂದು ಅಪ್ಪ ಕೇಳಿದಾಗ, "ಆಮೇಲೆ ಹೇಳ್ತೀನಿ" ಎಂದೆ. ಅವರು ಟೀಗೆ ಹೋದ ಹೊತ್ತಿನಲ್ಲಿ, ದಿನಕ್ಕೆ ನಲವತ್ತು ನಿಮಿಷದಂತೆ, ಒಂದೊಂದನ್ನೂ ಕಾಯಿಸಿ, ತಣಿಸಿ ಹದ ಮಾಡಿದೆ. ಒಂಬತ್ತು ದಿನಕ್ಕೆ ಹದಿನಾಲ್ಕು ಮಚ್ಚು. ಬಾಯಿ ಎಂತಹದೆಂದರೆ, ಮೇಲಿನಿಂದ ಬಿಟ್ಟ ಕಾಗದ ಎರಡು ತುಂಡಾಗಿ ಬೀಳುತ್ತಿತ್ತು. ಒರಟು ಕಲ್ಲಿಗೆ ಇನ್ನೂರು ಸಲ ಎಳೆದರೂ ಆ ಹರಿತ ಹೋಗಲಿಲ್ಲ. ಎಣಿಸಿದ್ದೇನೆ. ಮೇ ಹದಿನಾಲ್ಕಕ್ಕೆ ರಂಗಕ್ಕನಿಗೆ ಪರೀಕ್ಷೆಗೆಂದು ಕಳಿಸಿದೆ. ಹದಿನಾರಕ್ಕೆ ಫೋನು ಬಂತು. ಅಪ್ಪನ ಹತ್ತಿರ ಅವಳು ಹೇಳಿದ್ದು ಒಂದೇ ಮಾತು: "ನಿನ್ ಮಗಳ್ನ ಕಳ್ಸು."

ಮೆಚ್ಚಿಕೊಂಡು ಕರೆದಿದ್ದಾಳೆ ಎಂದುಕೊಂಡು ಒಳ್ಳೆಯ ಚೂಡಿದಾರ ಹಾಕಿಕೊಂಡು ಹೋದೆ.

ದಂಡಿನಶಿವರದ ಆ ಶೆಡ್ಡಿನಲ್ಲಿ ಕೆಲಸ ನಡೆಯುತ್ತಿರಲಿಲ್ಲ. ಹದಿನಾಲ್ಕು ಜನವೂ ಅಂಗಳದ ಚಪ್ಪಡಿ ಕಲ್ಲಿನ ಸುತ್ತ ಕುಕ್ಕರಗಾಲಲ್ಲಿ ಕೂತು ನನ್ನ ಮಚ್ಚಿನ ಬಾಯನ್ನು ಕಲ್ಲಿಗೆ ಒತ್ತಿ ಕರಕರ ಎಂದು ಉಜ್ಜುತ್ತಿದ್ದರು. ಮಸೆಯುತ್ತಿದ್ದಾರೆಂದು ತಿಳಿದು ನನಗೆ ಅವಮಾನವಾಯಿತು.

"ರಂಗಕ್ಕಾ, ಅದನ್ನ ಮಸೆಯೋದೇ ಬೇಡ. ಆಗಲೇ ಹರಿತ ಇದೆ" ಎಂದೆ.

"ಮಸೀತಾ ಇಲ್ಲ ಕಣವ್ವ, ಮೊಂಡು ಮಾಡ್ತಾ ಇದೀವಿ" ಎಂದಳು ರಂಗಕ್ಕ. "ಮೂರು ದಿನ ಆಯ್ತು. ಅದೇನ್ ಹಾಕಿದೀಯೋ ತಾಯಿ, ಕಲ್ಲು ಸವೀತದೆ, ಇದು ಸವೀತಿಲ್ಲ."

ಪಕ್ಕದಲ್ಲಿದ್ದವಳು, "ಕಲ್ಲು ಇನ್ನೊಂದು ತರಿಸ್ಬೇಕು ಕಣಕ್ಕ, ಇದು ಮುಗೀತು" ಎಂದಳು. ಉಳಿದವರು ತಲೆ ಬಗ್ಗಿಸಿಕೊಂಡು ನಕ್ಕರು.

ಆಮೇಲೆ ರಂಗಕ್ಕ ಒಂದು ಕಾಯಿ ಎತ್ತಿಕೊಂಡು ನನಗೆ ತೋರಿಸಿದಳು. ಮೊಂಡು ಬಾಯಿಯ ಹಳೆಯ ಮಚ್ಚಿನಿಂದ ಟಕ್ ಎಂದು ತಟ್ಟಿದರೆ ಚಿಪ್ಪು ಬಿರುಕು ಬಿಟ್ಟು ಹೋಳಾಗಿ ಎದ್ದು ಬರುತ್ತದೆ, ಒಳಗಿನ ಉಂಡೆಗೆ ಏನೂ ಆಗುವುದಿಲ್ಲ. ನನ್ನ ಮಚ್ಚಿನಿಂದ ತಟ್ಟಿದಳು. ಅದು ಚಿಪ್ಪನ್ನು ಬಿರಿಸಲೇ ಇಲ್ಲ, ಬೆಣ್ಣೆ ಕೊಯ್ದಂತೆ ಚಿಪ್ಪನ್ನೂ ದಾಟಿ ಕೊಬ್ಬರಿಯ ಮೇಲೆ ಬೆರಳುದ್ದದ ಗೆರೆ ಎಳೆಯಿತು. ನಾನು ಅಲ್ಲೇ ಕೂತು ಅವರು ನನ್ನ ಮಚ್ಚಿನಿಂದ ಒಡೆದಿಟ್ಟಿದ್ದ ನೂರು ಉಂಡೆ ಎಣಿಸಿದೆ. ನಲವತ್ತೊಂದಕ್ಕೆ ಗೆರೆ ಬಿದ್ದಿತ್ತು.

ಹೊಸ ಮಚ್ಚು ಕೊಂಡವರು ಮೊದಲು ಮಾಡುವ ಕೆಲಸ ಅದರ ಬಾಯಿ ಸಾಯಿಸುವುದಂತೆ. ಅವರವರ ಕೈಯ ಪೆಟ್ಟಿಗೆ ತಕ್ಕಷ್ಟು ಮೊಂಡು, ಅವರವರೇ ಮಾಡಿಕೊಳ್ಳಬೇಕು. ಹರಿತವಿಲ್ಲದ ಮಚ್ಚು ಮಾರುವುದು ಕುಲುಮೆಯವರಿಗೆ ಅವಮಾನವೆಂದು ಕೊಳ್ಳುವವರೂ ಬಾಯಿ ಬಿಟ್ಟು ಹೇಳುವುದಿಲ್ಲ. ಎರಡೂ ಕಡೆಯವರು ಮರ್ಯಾದೆ ಉಳಿಸಿಕೊಂಡು ಬಂದಿದ್ದ ಈ ಏರ್ಪಾಡಿನ ನಡುವೆ, ಮೂರು ವರ್ಷ ಅಂಗಡಿಯಲ್ಲೇ ಕೂತು ಲೆಕ್ಕ ಬರೆದ ನಾನು, ಕೊಬ್ಬರಿ ಒಡೆಯುವ ಜಾಗಕ್ಕೆ ಒಂದು ದಿನವೂ ಹೋಗಿರಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು, "ಅದು ಎಲ್ಲಾರ್ಗೂ ಗೊತ್ತಿರೋದೇ ಅಲ್ವೇನಮ್ಮ? ನಿನ್ ಡೈರೀಲಿ ಇರ್ತದೆ ಅನ್ಕಂಡಿದ್ದೆ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ರಂಗಕ್ಕ ನಂಜುಂಡಣ್ಣನ ಮಚ್ಚನ್ನೇ ಆರಿಸಿದಳು. ಹಿಡಿಗೂ ಕೊಕ್ಕೆಗೂ ಬಾಟಲಿಯ ಕಚ್ಚಿಗೂ ಗಮನ ಕೊಟ್ಟು ಕೊಟ್ಟು ಅವರಿಗೆ ಹದದ ಕಡೆ ನೋಡಲು ಪುರುಸೊತ್ತು ಸಿಕ್ಕಿರಲಿಲ್ಲ. ಅವರ ಮಚ್ಚು ನಾಲ್ಕು ಎಳೆತಕ್ಕೆ ಮೊಂಡಾಯಿತು. ನಮ್ಮ ಕಡೆಯ ಅತ್ಯುತ್ತಮ ಮಚ್ಚು ಎಂದು ಅದಕ್ಕೆ ಹೆಸರು ಬಂತು. ಅಪ್ಪ ಎರಡು ದಿನ ಕುಲುಮೆ ಹಚ್ಚಲಿಲ್ಲ. ಆ ಎರಡು ದಿನದ ಪುಟದಲ್ಲಿ ನಾನು ತಾರೀಖು ಮಾತ್ರ ಬರೆದಿದ್ದೇನೆ.

ಮೂರನೆಯ ದಿನ ನಂಜುಂಡಣ್ಣ ತಾವೇ ರಸ್ತೆ ದಾಟಿ ಬಂದರು. ದಬ್ಬೇಘಟ್ಟದವರೂ ಕೇಳಿದ್ದಾರಂತೆ, ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲವಂತೆ.

"ಲೇ ಸಿದ್ದ, ಅರ್ಧ ನೀನು ಮಾಡ್ಲಾ" ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಪ್ರೀತಿಯಿಂದ, "ಬೇಜಾರ್ ಮಾಡ್ಕಬೇಡ ಮಗಾ. ನೀನು ಮಾತ್ರ ಮುಟ್ಬೇಡ" ಎಂದರು.

ಕುಲುಮೆ ಮತ್ತೆ ಹತ್ತಿತು. ನಾನು ಮುಟ್ಟಲಿಲ್ಲ. ಅಪ್ಪ ಬಡಿಯುವಾಗ ದೂರದಲ್ಲಿ ಸ್ಟೂಲ್ ಹಾಕಿಕೊಂಡು ಕೂತೆ. ಒಂದೆರಡು ಸಲ ಕೈ ತಾನಾಗಿ ಮುಂದೆ ಹೋಯಿತು, ಅದನ್ನೂ ಗುರುತು ಹಾಕಿಕೊಂಡಿದ್ದೇನೆ. ಜೂನ್ ಮೊದಲ ವಾರ ರಂಗಕ್ಕ ಉಳಿದ ಮಚ್ಚು ಒಯ್ಯಲು ಬಂದಳು. ಒಂದನ್ನು ಎತ್ತಿ, ಉಗುರಿನಿಂದ ಬಾಯಿ ಸವರಿ, ಅನುಮಾನದಿಂದ ನನ್ನ ಕಡೆ ನೋಡಿದಳು.

"ನನ್ ಮಗಳು ಮುಟ್ಟೇ ಇಲ್ಲ ಕಣ್ ರಂಗಕ್ಕ" ಎಂದರು ಅಪ್ಪ.

ಅವಳು ಅಷ್ಟನ್ನೂ ಚೀಲಕ್ಕೆ ತುಂಬಿಕೊಂಡು ಹೋದಳು. ಈಗ ಅಂಗಡಿಗೆ ಯಾರು ಬಂದರೂ ಅಪ್ಪ ಮೊದಲು ಆ ಮಾತನ್ನು ಹೇಳುತ್ತಾರೆ, ಆಮೇಲೆ ಮಚ್ಚು ತೋರಿಸುತ್ತಾರೆ. ವ್ಯಾಪಾರ ಕುದುರಿದೆ. ರಸ್ತೆಯ ಆಚೆ ನಂಜುಂಡಣ್ಣ ಮಂಕಾಗಿ ಕೂತಿರುತ್ತಾರೆ. ನಮ್ಮ ಅಂಗಡಿ ಹೊರತಂದದ್ದರಲ್ಲಿ ಅವರು ನಕಲು ಮಾಡಲಾರದ್ದು ಈ ಮಾತೊಂದೇ. ಅವರಿಗಿರುವ ಇಬ್ಬರೂ ಗಂಡುಮಕ್ಕಳು.